ಎಸಿಎಲ್ ಶಸ್ತ್ರಚಿಕಿತ್ಸೆಯಾಗಿ ಆರು ತಿಂಗಳು: ಕಬಡ್ಡಿ ಅಂಕಣಕ್ಕೆ ಮರಳಲು ಮೊಣಕಾಲು ಸಿದ್ಧವೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ದೈಹಿಕ ಶಿಕ್ಷಣ ನಿರ್ದೇಶಕ, ಪುತ್ತೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದೇನೆ. ನಮ್ಮ ಮಹಿಳಾ ಕಬಡ್ಡಿ ತಂಡದ ಮುಖ್ಯ ದಾಳಿಗಾರ್ತಿ ಹತ್ತೊಂಬತ್ತು ವರ್ಷದ ವಿದ್ಯಾರ್ಥಿನಿ. ಕಳೆದ ಹಂಗಾಮಿನ ಅಭ್ಯಾಸದಲ್ಲಿ ಆಕೆ ಬೋನಸ್ ಗೆರೆ ಮುಟ್ಟಿ ಹಿಂದಕ್ಕೆ ತಿರುಗುವಾಗ ಎಡಪಾದ ಮ್ಯಾಟಿನಲ್ಲಿ ಕಚ್ಚಿಕೊಂಡು ಮೊಣಕಾಲು ತಿರುಚಿತು. ಆ ಕ್ಷಣದಲ್ಲಿ ಎದುರಾಳಿಗಳಾರೂ ಆಕೆಯನ್ನು ಮುಟ್ಟಿರಲಿಲ್ಲ. ಒಳಗೆ ಏನೋ ‘ಟಕ್’ ಎಂದಂತಾಯಿತು ಎಂದಳು. ಸಂಜೆಯೊಳಗೆ ಮೊಣಕಾಲು ಊದಿಕೊಂಡಿತು. ಎಸಿಎಲ್, ಅಂದರೆ ಮೊಣಕಾಲಿನೊಳಗೆ ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಬಿಗಿದಿಡುವ ಲಿಗಮೆಂಟ್, ಪೂರ್ತಿಯಾಗಿ ಹರಿದಿದೆ, ಆ ಮೂಳೆಗಳ ನಡುವಿನ ಮೆತ್ತೆಯಂಥ ಮೆನಿಸ್ಕಸ್‌ಗೆ ಹಾನಿಯಾಗಿಲ್ಲ ಎಂದು ಎಂಆರ್‌ಐ ವರದಿ ಬಂತು. ತೊಡೆಯ ಹಿಂಭಾಗದಿಂದ ಸ್ನಾಯುರಜ್ಜು ತೆಗೆದು ಹೊಸ ಲಿಗಮೆಂಟ್ ಕೂರಿಸುವ ಶಸ್ತ್ರಚಿಕಿತ್ಸೆ ಮಾಡಿದರು.

ಮುಂದಿನ ವಾರಕ್ಕೆ ಸರಿಯಾಗಿ ಆರು ತಿಂಗಳಾಗುತ್ತದೆ. ಮೊದಲ ಹತ್ತು ವಾರ ಆಕೆ ಫಿಸಿಯೋಥೆರಪಿಗೆ ಕ್ರಮವಾಗಿ ಹೋಗಿದ್ದಳು. ತಂದೆ ರಬ್ಬರ್ ಟ್ಯಾಪಿಂಗ್ ಕೆಲಸ ಮಾಡುವವರು. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿಬರುವ ಖರ್ಚನ್ನು ಆ ಮನೆ ಹೆಚ್ಚು ದಿನ ತಾಳಲಿಲ್ಲ. ಆಮೇಲೆ ಹಾಳೆಯಲ್ಲಿ ಬರೆದುಕೊಟ್ಟ ವ್ಯಾಯಾಮಗಳನ್ನು ಮನೆಯಲ್ಲೇ ಮಾಡಿದಳು. ಈಗ ಮೈದಾನದಲ್ಲಿ ಓಡುತ್ತಾಳೆ, ಮೆಟ್ಟಿಲು ಹತ್ತಿ ಇಳಿಯುತ್ತಾಳೆ, ಸ್ವಲ್ಪವೂ ನೋವಿಲ್ಲ ಎನ್ನುತ್ತಾಳೆ. ಕೊನೆಯ ಭೇಟಿಯಲ್ಲಿ ವೈದ್ಯರು ಆರು ತಿಂಗಳ ಬಳಿಕ ನಿಧಾನವಾಗಿ ಆಟ ಶುರುಮಾಡಬಹುದು ಎಂದಿದ್ದರಂತೆ. ಮುಂದಿನ ತಿಂಗಳು ಅಂತರಕಾಲೇಜು ಪಂದ್ಯಾಟವಿದೆ, ಅಲ್ಲಿಂದಲೇ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ನಡೆಯುತ್ತದೆ. ಆಡಿಸಿ ಎಂದು ಆಕೆ ದಿನವೂ ಕೇಳುತ್ತಿದ್ದಾಳೆ. ‘ನಮ್ಮ ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಆಪರೇಷನ್ ಆಗಿ ನಾಲ್ಕೇ ತಿಂಗಳಿಗೆ ಬಂದು ಶತಕ ಹೊಡೆದರಲ್ಲ ಸರ್’ ಎಂದಾಗ ನನ್ನ ಬಳಿ ಉತ್ತರವಿರಲಿಲ್ಲ.

ಆರು ತಿಂಗಳು ಸಾಕೇ? ಮೊಣಕಾಲು ಸಿದ್ಧವಾಗಿದೆಯೆಂದು ನಮ್ಮ ಕಾಲೇಜಿನಲ್ಲಿರುವ ಸೌಕರ್ಯಗಳಿಂದಲೇ ತಿಳಿಯುವ ವಿಧಾನವಿದೆಯೇ? ಮೂರೂವರೆ ತಿಂಗಳ ಹಿಂದೆ ನಿಂತ ಫಿಸಿಯೋಥೆರಪಿಯನ್ನು ಈಗ ಮತ್ತೆ ಆರಂಭಿಸಿದರೆ ಪ್ರಯೋಜನವಾದೀತೇ? ಆಕೆಯ ಕನಸನ್ನು ಮುರಿಯುವ ಮನಸ್ಸು ನನಗಿಲ್ಲ, ಆದರೆ ನನ್ನ ಒಂದು ಒಪ್ಪಿಗೆಯಿಂದ ಆ ಕಾಲು ಮತ್ತೆ ಹಾಳಾಗುವುದೂ ಬೇಡ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಕ್ರೀಡಾ ಫಿಸಿಯೋಥೆರಪಿಸ್ಟ್, ಮಂಗಳೂರು

ನಿಮ್ಮ ವಿದ್ಯಾರ್ಥಿನಿಯನ್ನು ನಾನು ಪರೀಕ್ಷಿಸಿಲ್ಲ. ಹಾಗಾಗಿ ಆಕೆ ಆಡಬಹುದೇ ಬೇಡವೇ ಎಂಬ ತೀರ್ಮಾನವನ್ನು ಇಲ್ಲಿಂದ ಹೇಳಲಾರೆ. ಆದರೆ ನಿಮ್ಮ ಬರಹದಿಂದಲೇ ಒಂದು ಸಂಗತಿ ತಿಳಿಯುತ್ತದೆ: ಹತ್ತನೇ ವಾರದ ನಂತರ ಆ ಮೊಣಕಾಲಿನ ಬಲವನ್ನು ಯಾರೂ ಅಳೆದು ನೋಡಿಲ್ಲ. ತಿಂಗಳುಗಳನ್ನು ಎಣಿಸಿದ್ದೇವೆ, ನೋವಿದೆಯೇ ಎಂದು ಕೇಳಿದ್ದೇವೆ. ಇವೆರಡರಿಂದ ಈ ಗಾಯದ ವಿಷಯದಲ್ಲಿ ತೀರ್ಮಾನಕ್ಕೆ ಬರಲಾಗದು. ಏಕೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ವಿಷಯ ಅರ್ಥವಾದರೆ ಆಕೆಗೆ ಕಾಯುವುದು ತುಸು ಸುಲಭವಾಗುತ್ತದೆ ಎಂಬುದು ನನ್ನ ಅನುಭವ.

ಹರಿದ ಎಸಿಎಲ್ ಜಾಗದಲ್ಲಿ ಈಗ ಇರುವುದು ಆಕೆಯದೇ ತೊಡೆಯಿಂದ ತೆಗೆದ ಸ್ನಾಯುರಜ್ಜು. ನಾವು ಅದನ್ನು ಗ್ರಾಫ್ಟ್ ಎನ್ನುತ್ತೇವೆ. ಕೂರಿಸಿದ ದಿನ ಅದು ಗಟ್ಟಿಯಾಗಿಯೇ ಇರುತ್ತದೆ. ಆದರೆ ತನ್ನ ಮೂಲ ಜಾಗದ ರಕ್ತಪೂರೈಕೆ ಕಡಿದುಹೋಗಿರುವುದರಿಂದ ಅದರೊಳಗಿನ ಜೀವಕೋಶಗಳು ಸಾಯುತ್ತವೆ, ಹೊಸ ರಕ್ತನಾಳಗಳೂ ಹೊಸ ಕೋಶಗಳೂ ನಿಧಾನವಾಗಿ ಒಳಹೊಕ್ಕು ಅದನ್ನು ಮತ್ತೆ ಕಟ್ಟುತ್ತವೆ. ಈ ಬದಲಾವಣೆಯ ನಡುವೆ, ಸುಮಾರು ಆರನೇ ವಾರದಿಂದ ಹನ್ನೆರಡನೇ ವಾರದವರೆಗೆ, ಗ್ರಾಫ್ಟ್ ತನ್ನ ಅತಿ ದುರ್ಬಲ ಸ್ಥಿತಿಯಲ್ಲಿರುತ್ತದೆ. ಅಲ್ಲಿಂದ ಲಿಗಮೆಂಟಿನ ಗುಣ ಪಡೆಯುತ್ತ ಪಕ್ವವಾಗಲು ಒಂದು ವರ್ಷ, ಎಷ್ಟೋ ಮಂದಿಯಲ್ಲಿ ಅದಕ್ಕಿಂತಲೂ ಹೆಚ್ಚು ಕಾಲ ಹಿಡಿಯುತ್ತದೆ. ಇಷ್ಟೆಲ್ಲ ನಡೆಯುವಾಗ ನೋವು ಇರಲೇಬೇಕೆಂದಿಲ್ಲ. ನೋವಿಲ್ಲ ಎಂದು ನಿಮ್ಮ ವಿದ್ಯಾರ್ಥಿನಿ ಹೇಳುತ್ತಿರುವುದು ನಿಜವೇ. ಆದರೆ ಒಳಗಿನ ಕೆಲಸ ಎಲ್ಲಿಗೆ ಬಂದಿದೆ ಎಂಬುದನ್ನು ಆ ಮಾತು ತಿಳಿಸುವುದಿಲ್ಲ.

ರಾಹುಲ್ ಅವರ ಉದಾಹರಣೆಗೆ ಉತ್ತರವಿದೆ. 2023ರ ಮೇ 1ರಂದು ಲಖನೌದಲ್ಲಿ ಫೀಲ್ಡಿಂಗ್ ಮಾಡುವಾಗ ಅವರಿಗೆ ಪೆಟ್ಟಾದದ್ದು ತೊಡೆಗೆ. ಆ ಶಸ್ತ್ರಚಿಕಿತ್ಸೆಗೂ ಎಸಿಎಲ್ ಪುನಾರಚನೆಗೂ ಹೋಲಿಕೆಯಿಲ್ಲ. ಅದೂ ಅಲ್ಲದೆ, ಅದೇ ವರ್ಷ ಏಷ್ಯಾ ಕಪ್‌ಗೆ ಆಯ್ಕೆಯಾದ ಮೇಲೂ ಸಣ್ಣದೊಂದು ತೊಂದರೆ ಕಾಣಿಸಿಕೊಂಡಿತೆಂದು ಅವರನ್ನು ಮೊದಲ ಎರಡು ಪಂದ್ಯಗಳಿಗೆ ಕಳುಹಿಸದೆ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲೇ ಉಳಿಸಿಕೊಂಡಿದ್ದರು. ಪಾಕಿಸ್ತಾನದ ವಿರುದ್ಧ ಔಟಾಗದೆ 111 ರನ್ ಬಂದದ್ದು ಅದಾದ ಮೇಲೆ. ಮೊಣಕಾಲಿನ ಲಿಗಮೆಂಟಿಗೆ ಹೋಲಿಸುವುದಾದರೆ ರಿಷಭ್ ಪಂತ್ ಅವರನ್ನು ನೋಡಬೇಕು. 2022ರ ಡಿಸೆಂಬರ್ 30ರ ಕಾರು ಅಪಘಾತದಲ್ಲಿ ಅವರಿಗೆ ಬೇರೆ ಗಾಯಗಳೂ ಆಗಿದ್ದವು ನಿಜ. ಆದರೂ ಹಗಲಿರುಳು ಜೊತೆಗಿರುವ ಫಿಸಿಯೋಗಳು, ಬೇಕಾದ ಯಂತ್ರಗಳು ಎಲ್ಲವೂ ಇದ್ದ ಆಟಗಾರ ಮತ್ತೆ ಪಂದ್ಯಕ್ಕೆ ಇಳಿದದ್ದು 2024ರ ಮಾರ್ಚ್‌ನಲ್ಲಿ, ಹತ್ತಿರ ಹತ್ತಿರ ಹದಿನೈದು ತಿಂಗಳ ಬಳಿಕ.

ಇನ್ನು ಆರು ತಿಂಗಳ ಲೆಕ್ಕ. ಡೆಲವೇರ್–ಓಸ್ಲೋ ಅಧ್ಯಯನ ಎಂದು ನಮ್ಮ ವೃತ್ತಿಯಲ್ಲಿ ಹೆಸರಾದ ಒಂದು ಸಂಶೋಧನೆ 2016ರಲ್ಲಿ ಪ್ರಕಟವಾಯಿತು. ಸುಮಾರು ನೂರು ಮಂದಿಯನ್ನು ಎರಡು ವರ್ಷ ಗಮನಿಸಿದ ಆ ಅಧ್ಯಯನದಲ್ಲಿ, ಒಂಬತ್ತನೇ ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮೊಣಕಾಲಿಗೆ ಮತ್ತೆ ಗಾಯವಾಗುವ ಪ್ರಮಾಣ ಶೇ. 51ರಷ್ಟು ಇಳಿಯುತ್ತ ಹೋಯಿತು. ಬಲದ ಮತ್ತು ನೆಗೆತದ ಪರೀಕ್ಷೆಗಳಲ್ಲಿ ತೇರ್ಗಡೆಯಾಗದೆ ಮರಳಿದವರಲ್ಲಿ ಶೇ. 38ರಷ್ಟು ಮಂದಿ ಮತ್ತೆ ಗಾಯಗೊಂಡರೆ, ತೇರ್ಗಡೆಯಾಗಿ ಮರಳಿದವರಲ್ಲಿ ಆ ಪ್ರಮಾಣ ಶೇ. 6ನ್ನೂ ಮುಟ್ಟಲಿಲ್ಲ. ಅಧ್ಯಯನ ಸಣ್ಣದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಹೇಳುತ್ತೇನೆ, ನಮ್ಮ ಕ್ಲಿನಿಕ್ಕುಗಳಲ್ಲಿ ಕಾಣುವುದೂ ಇದೇ. ಇದಕ್ಕೆ ವಯಸ್ಸನ್ನೂ ಸೇರಿಸಿ ನೋಡಬೇಕು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರ ಪ್ರಕಾರ 25 ವರ್ಷದೊಳಗಿದ್ದು ಕ್ರೀಡೆಗೆ ಮರಳಿದವರಲ್ಲಿ ಶೇ. 23ರಷ್ಟು ಮಂದಿಗೆ ಎರಡನೇ ಸಲ, ಅದೇ ಕಾಲಿನಲ್ಲೋ ಇನ್ನೊಂದು ಕಾಲಿನಲ್ಲೋ, ಎಸಿಎಲ್ ಹರಿಯುತ್ತದೆ. ಕಬಡ್ಡಿಯಂತೆ ಥಟ್ಟನೆ ತಿರುಗುವ, ನಿಂತಲ್ಲೇ ದಿಕ್ಕು ಬದಲಿಸುವ ಆಟಗಳಲ್ಲಿ ಅಪಾಯ ಹೆಚ್ಚು. ಈ ಎಲ್ಲ ಕಾರಣಗಳಿಂದ ಒಂಬತ್ತು ತಿಂಗಳಿಗೆ ಮೊದಲು ಪಂದ್ಯವಾಡಿಸುವುದನ್ನು ನಾನು ಒಪ್ಪುವುದಿಲ್ಲ; ಒಂಬತ್ತು ತುಂಬಿದ ಮೇಲೂ ಪರೀಕ್ಷೆಯಿಲ್ಲದೆ ಒಪ್ಪುವುದಿಲ್ಲ.

ಪರೀಕ್ಷೆಯ ವಿಷಯಕ್ಕೆ ಬರೋಣ. ಮೊಣಕಾಲಿಗೆ ಪೆಟ್ಟಾಗಿ ಒಳಗೆ ನೀರು ತುಂಬಿದರೆ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯುವಿಗೆ ಬರುವ ನರಸಂದೇಶಗಳು ಕುಗ್ಗುತ್ತವೆ. ಮನಸ್ಸು ಎಷ್ಟೇ ಬಯಸಿದರೂ ಸ್ನಾಯು ಪೂರ್ತಿ ಬಿಗಿಯುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರ ತೊಡೆ ಸೊರಗುವುದಕ್ಕೆ ಇದೊಂದು ಮುಖ್ಯ ಕಾರಣ, ಮತ್ತು ಮನೆಯಲ್ಲಿ ಭಾರವಿಲ್ಲದೆ ಮಾಡುವ ವ್ಯಾಯಾಮಗಳಿಂದ ಆ ಸೊರಗುವಿಕೆ ಪೂರ್ತಿ ತುಂಬಿಬರುವುದು ಬಹಳ ಅಪರೂಪ. ಹಾಗಾಗಿ ಮೊದಲು ಮೊಣಕಾಲಿನಲ್ಲಿ ಊತ ಉಳಿದಿದೆಯೇ ಎಂದು ನೋಡಿ. ಅಂಗಾತ ಮಲಗಿಸಿ ಎರಡೂ ಹಿಮ್ಮಡಿಗಳ ಕೆಳಗೆ ಮಡಿಸಿದ ಟವೆಲ್ ಇಟ್ಟು, ಎರಡೂ ಮೊಣಕಾಲುಗಳು ಸಮನಾಗಿ ನೇರವಾಗುತ್ತವೆಯೇ ಗಮನಿಸಿ. ಒಂದು ಬೆರಳಿನಷ್ಟು ವ್ಯತ್ಯಾಸವಿದ್ದರೂ ಅದನ್ನು ಸರಿಪಡಿಸದೆ ಮುಂದೆ ಹೋಗಬಾರದು. ಆಮೇಲೆ ಬಲ. ನಿಮ್ಮ ಊರಿನ ಜಿಮ್‌ನಲ್ಲಿ ಲೆಗ್ ಎಕ್ಸ್‌ಟೆನ್ಶನ್ ಯಂತ್ರವಿದ್ದರೆ, ಒಂದೊಂದೇ ಕಾಲಿನಲ್ಲಿ ಎಷ್ಟು ಭಾರ ಎತ್ತಬಲ್ಲಳು ಎಂಬುದನ್ನು ಫಿಸಿಯೋ ಒಬ್ಬರ ಸಮ್ಮುಖದಲ್ಲಿ ಹೋಲಿಸಿ. ಯಂತ್ರವಿಲ್ಲದಿದ್ದರೆ ಕುರ್ಚಿಯಿಂದ ಕೈ ಊರದೆ ಒಂಟಿಕಾಲಿನಲ್ಲಿ ಎದ್ದು ಕೂರುವುದನ್ನು ಸುಸ್ತಾಗುವವರೆಗೆ ಮಾಡಿಸಿ ಎಣಿಸಿ. ಗಾಯಗೊಂಡ ಕಾಲು ಇನ್ನೊಂದರ ಶೇ. 90ಕ್ಕಾದರೂ ಬರಬೇಕು.

ಬಲ ಸಾಲದು ಎಂದು ಕಂಡರೆ ಅಲ್ಲಿಗೇ ನಿಲ್ಲಿಸಿ, ನೆಗೆತದ ಪರೀಕ್ಷೆ ಮಾಡಿಸಲೇಬೇಡಿ. ಬಲವಿದ್ದರೆ ಮಾತ್ರ ಅಳತೆ ಟೇಪನ್ನು ನೆಲಕ್ಕೆ ಹಾಸಿ ಹಾಪ್ ಪರೀಕ್ಷೆಗೆ ಬನ್ನಿ. ಇದು ನಾವು ಮಕ್ಕಳಾಗಿದ್ದಾಗ ಆಡಿದ ಕುಂಟೆಬಿಲ್ಲೆಯ ನೆಗೆತವೇ: ಒಂಟಿಕಾಲಿನಲ್ಲಿ ಒಂದೇ ನೆಗೆತ, ಸತತ ಮೂರು ನೆಗೆತ, ಗೆರೆಯ ಆಚೀಚೆ ದಾಟುತ್ತ ಮೂರು ನೆಗೆತ, ಆರು ಮೀಟರ್ ದೂರವನ್ನು ಎಷ್ಟು ಬೇಗ ಕುಂಟಿ ಮುಟ್ಟುತ್ತಾಳೆ ಎಂಬ ಸಮಯ. ಇಳಿದ ಮೇಲೆ ಓಲಾಡದೆ ನಿಲ್ಲದಿದ್ದರೆ ಆ ನೆಗೆತವನ್ನು ಲೆಕ್ಕಕ್ಕೆ ಹಿಡಿಯಬಾರದು. ಇಲ್ಲಿಯೂ ಶೇ. 90 ಬೇಕು. ಪ್ರತಿ ಇಳಿತವನ್ನೂ ಮುಂದುಗಡೆಯಿಂದ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ಮಾಡಿ; ಮೊಣಕಾಲು ಒಳಮುಖವಾಗಿ ವಾಲುತ್ತಿದ್ದರೆ ಆಕೆಗೇ ತೋರಿಸಿ. ಬಾಯಲ್ಲಿ ಹತ್ತು ಸಲ ಹೇಳುವುದಕ್ಕಿಂತ ಅದು ಬೇಗ ಮನಸ್ಸಿಗೆ ಹೋಗುತ್ತದೆ.

ಎರಡು ಎಚ್ಚರಿಕೆಗಳು. ಮೊದಲನೆಯದಾಗಿ, ಆರು ತಿಂಗಳು ಆಟವಿಲ್ಲದೆ ಚೆನ್ನಾಗಿರುವ ಕಾಲೂ ಕೃಶವಾಗಿರುತ್ತದೆ. ಕೃಶವಾದ ಕಾಲಿನ ಶೇ. 90 ಎಂದರೆ ಗಾಯಕ್ಕೆ ಮೊದಲಿದ್ದ ಬಲವಲ್ಲ. ಎರಡನೆಯದಾಗಿ, ನೆಗೆದ ದೂರ ನಮ್ಮನ್ನು ಮೋಸಗೊಳಿಸಬಲ್ಲದು. ಮೊಣಕಾಲು ಮಾಡಬೇಕಾದ ಕೆಲಸವನ್ನು ಸೊಂಟದ ಕೀಲೂ ಪಾದದ ಕೀಲೂ ಹಂಚಿಕೊಂಡು ದೂರವನ್ನು ಸರಿದೂಗಿಸುವುದುಂಟು. ಟೇಪಿನಲ್ಲಿ ಎರಡೂ ಕಾಲು ಸಮ ಎಂದು ಕಂಡರೂ ಕ್ವಾಡ್ರಿಸೆಪ್ಸ್ ಹಿಂದೆಯೇ ಉಳಿದಿರಬಹುದು. ಅದಕ್ಕಾಗಿಯೇ ಬಲದ ಪರೀಕ್ಷೆ ತಪ್ಪಿಸಬೇಡಿ ಎಂದು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಫಿಸಿಯೋಥೆರಪಿಯನ್ನು ಮತ್ತೆ ಆರಂಭಿಸಿದರೆ ಪ್ರಯೋಜನ ಖಂಡಿತ ಇದೆ. ನೆಗೆಯಲು, ಇಳಿಯಲು, ತಿರುಗಲು ಕಲಿಸುವ ಹಂತವೇ ನಿಮ್ಮ ವಿದ್ಯಾರ್ಥಿನಿಗೆ ಇನ್ನೂ ಸಿಕ್ಕಿಲ್ಲ. ಮಂಗಳೂರಿನ ಫಿಸಿಯೋಥೆರಪಿ ಕಾಲೇಜುಗಳ ಹೊರರೋಗಿ ವಿಭಾಗಗಳಲ್ಲಿ ಶುಲ್ಕ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕುಗಳಿಗಿಂತ ಕಡಿಮೆ ಇರುತ್ತದೆ, ಅಲ್ಲಿ ವಿಚಾರಿಸಿ. ಆಪರೇಷನ್ನಿನ ಡಿಸ್ಚಾರ್ಜ್ ಹಾಳೆಯನ್ನು ತಪ್ಪದೆ ಕೊಂಡೊಯ್ಯಿರಿ. ಶಸ್ತ್ರವೈದ್ಯರನ್ನೂ ಮತ್ತೊಮ್ಮೆ ಕಾಣಿ. ‘ನಿಧಾನವಾಗಿ ಆಟ ಶುರುಮಾಡಬಹುದು’ ಎಂಬ ಅವರ ಮಾತು ಅಭ್ಯಾಸದ ಆರಂಭವನ್ನು ಕುರಿತದ್ದೋ ಪಂದ್ಯವನ್ನು ಕುರಿತದ್ದೋ ಎಂದು ಸ್ಪಷ್ಟವಾಗಿ ಕೇಳಿ. ಹೆಚ್ಚಾಗಿ ಅದು ಅಭ್ಯಾಸದ ಮಾತಾಗಿರುತ್ತದೆ.

ಉತ್ತರ: ಮಾಜಿ ಆಟಗಾರ, ಬಂಟ್ವಾಳ

ಮೇಲಿನ ಉತ್ತರವನ್ನು ಓದಿದ ಮೇಲೆ ನನ್ನದನ್ನೂ ಬರೆಯಬೇಕೆನಿಸಿತು. ನಾನು ಎಡ ಮೂಲೆಯಲ್ಲಿ ನಿಲ್ಲುತ್ತಿದ್ದ ಡಿಫೆಂಡರ್. ಬಲ ಮೊಣಕಾಲಿಗೆ ಇದೇ ಶಸ್ತ್ರಚಿಕಿತ್ಸೆಯಾಗಿ ಐದೂವರೆ ತಿಂಗಳಾಗಿದ್ದಾಗ ನಮ್ಮೂರ ಯುವಕ ಮಂಡಲ ಹೊನಲು ಬೆಳಕಿನ ಪಂದ್ಯಾಟ ಇಟ್ಟುಕೊಂಡಿತ್ತು. ಊರ ಹೆಸರು, ಸೇರಿದ ಜನ, ಧ್ವನಿವರ್ಧಕದಲ್ಲಿ ನನ್ನ ಹೆಸರು ಕೂಗಿದ್ದು, ಇವೆಲ್ಲದರ ನಡುವೆ ಬೇಡ ಎನ್ನಲು ನನಗಾಗಲಿಲ್ಲ. ಮೊದಲ ಎರಡು ಪಂದ್ಯ ಚೆನ್ನಾಗಿಯೇ ಆಡಿದೆ. ಮೂರನೆಯದರಲ್ಲಿ ದಾಳಿಗಾರನ ಕಾಲು ಹಿಡಿದು ಎಳೆಯುವಾಗ ನನ್ನ ಪಾದ ನಿಂತಲ್ಲೇ ನಿಂತಿತು, ಮೈ ಮಾತ್ರ ತಿರುಗಿತು. ಗ್ರಾಫ್ಟ್ ಹರಿಯಿತು, ಮೊದಲ ಸಲ ಉಳಿದಿದ್ದ ಮೆನಿಸ್ಕಸ್ ಕೂಡ ಹೋಯಿತು. ಎರಡನೇ ಶಸ್ತ್ರಚಿಕಿತ್ಸೆಗೆ ಇನ್ನೊಂದು ಕಾಲಿನಿಂದ ಸ್ನಾಯುರಜ್ಜು ತೆಗೆಯಬೇಕಾಯಿತು. ಅದಾಗಿ ಏಳು ವರ್ಷ, ನಾನು ಮತ್ತೆ ಪಂದ್ಯ ಆಡಿಲ್ಲ. ಗದ್ದೆಯ ಬದುವಿನ ಮೇಲೆ ನಡೆಯುವಾಗ ಈಗಲೂ ಕಾಲು ನಂಬಿಕೆ ಕೊಡುವುದಿಲ್ಲ.

ಆ ರಾತ್ರಿ ನನ್ನನ್ನು ಯಾರೂ ಬಲವಂತ ಮಾಡಲಿಲ್ಲ ಎಂಬುದನ್ನು ಹೇಳಲೇಬೇಕು. ಎಲ್ಲರೂ ಪ್ರೀತಿಯಿಂದಲೇ ಕರೆದರು. ತಡೆಯುವ ಸ್ಥಾನದಲ್ಲಿದ್ದು ತಡೆಯುವವರು ಒಬ್ಬರಾದರೂ ಇದ್ದಿದ್ದರೆ ನಾನು ಕೇಳುತ್ತಿದ್ದೆ ಎನಿಸುತ್ತದೆ. ಸರ್, ಆ ಹುಡುಗಿಗೆ ಆ ಸ್ಥಾನದಲ್ಲಿ ನೀವಿದ್ದೀರಿ. ಅವಳು ಎರಡು ದಿನ ಅಳಬಹುದು, ನಿಮ್ಮೊಡನೆ ಮಾತು ಬಿಡಬಹುದು. ಆದರೂ ಈ ಆಯ್ಕೆಗೆ ಕಳುಹಿಸಬೇಡಿ. ಹತ್ತೊಂಬತ್ತು ವರ್ಷದವಳಿಗೆ ಮುಂದಿನ ವರ್ಷವೂ ಆಯ್ಕೆಯಿರುತ್ತದೆ.

ಉತ್ತರ: ಆಟಗಾರನ ತಾಯಿ, ಹಾಸನ

ನನ್ನ ಮಗ ಫುಟ್‌ಬಾಲ್ ಆಡುವಾಗ ಇದೇ ಗಾಯವಾಗಿತ್ತು. ದೂರ ಮತ್ತು ಖರ್ಚಿನ ಬಗ್ಗೆ ಮಾತ್ರ ಬರೆಯುತ್ತೇನೆ. ವಾರಕ್ಕೆ ಮೂರು ಸಲ ಬರಲಾಗದು ಎಂದು ನಮ್ಮ ಫಿಸಿಯೋ ಮೇಡಂ ಅವರಿಗೆ ನೇರವಾಗಿ ಹೇಳಿದೆವು. ಅವರು ಮೂರು ವಾರಕ್ಕೊಮ್ಮೆ ಬರಹೇಳಿ, ನಡುವಿನ ದಿನಗಳಿಗೆ ವ್ಯಾಯಾಮವನ್ನು ಭಾರದ ಸಮೇತ ಬರೆದುಕೊಟ್ಟು, ವಾರಕ್ಕೊಂದು ವಿಡಿಯೊ ಕಳುಹಿಸಲು ಹೇಳಿದರು. ಶಾಲಾಚೀಲಕ್ಕೆ ಅಕ್ಕಿ ತುಂಬಿ ತೂಕ ಮಾಡಿ, ಅದನ್ನು ಬೆನ್ನಿಗೆ ಹಾಕಿಕೊಂಡು ಒಂಟಿಕಾಲಿನಲ್ಲಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಎರಡು ವಾರಕ್ಕೊಮ್ಮೆ ಒಂದು ಸೇರು ಅಕ್ಕಿ ಹೆಚ್ಚಿಸುತ್ತಿದ್ದೆವು. ಪ್ರತಿದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಮೊಣಕಾಲು ನೋಡಿ, ಊತ ಇದೆಯೋ ಇಲ್ಲವೋ ಎಂದು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸವಾಗಿತ್ತು. ಹಿಂದಿನ ದಿನದ ವ್ಯಾಯಾಮ ಹೆಚ್ಚಾಗಿದ್ದರೆ ಮರುದಿನ ಬೆಳಿಗ್ಗೆ ಮೊಣಕಾಲು ತುಂಬಿಕೊಂಡಂತೆ ಕಾಣುತ್ತಿತ್ತು, ಆ ದಿನ ಭಾರ ಇಳಿಸುತ್ತಿದ್ದೆವು. ಹಣವಿಲ್ಲ ಎಂದು ಫಿಸಿಯೋಗೆ ಹೇಳಲು ಸಂಕೋಚಪಟ್ಟು ಸುಮ್ಮನೆ ಬಿಟ್ಟುಬಿಡುವ ಮನೆಗಳೇ ಹೆಚ್ಚು. ದಯವಿಟ್ಟು ಆಕೆಯ ತಂದೆ ತಾಯಿಯ ಜೊತೆ ನೀವೇ ಒಂದು ಸಲ ಹೋಗಿ ಮಾತನಾಡಿ.

ಪ್ರಶ್ನೆ ಕೇಳಿದವರು, ಮೂರು ವಾರಗಳ ನಂತರ

ಉತ್ತರಿಸಿದ ಮೂವರಿಗೂ ನಾನು ಋಣಿ. ಬಂಟ್ವಾಳದ ಸಹೋದರರ ಪತ್ರವನ್ನು ವಿದ್ಯಾರ್ಥಿನಿಗೆ ಓದಲು ಕೊಟ್ಟೆ. ಓದಿ ಮುಗಿಸಿ ಬಹಳ ಹೊತ್ತು ಸುಮ್ಮನಿದ್ದು, ‘ಪರೀಕ್ಷೆ ಮಾಡಿಸೋಣ ಸರ್’ ಎಂದಳು.

ಆಕೆಯ ತಂದೆಯೊಂದಿಗೆ ಮಂಗಳೂರಿನ ಕಾಲೇಜೊಂದರ ಹೊರರೋಗಿ ವಿಭಾಗಕ್ಕೆ ಹೋಗಿಬಂದೆವು. ಊತವಿಲ್ಲ, ಮೊಣಕಾಲು ಪೂರ್ತಿ ನೇರವಾಗುತ್ತದೆ. ಆದರೆ ಲೆಗ್ ಎಕ್ಸ್‌ಟೆನ್ಶನ್ ಯಂತ್ರದಲ್ಲಿ ಬಲಗಾಲು 20 ಕಿಲೋ ಎತ್ತಿದರೆ ಎಡಗಾಲು 13 ಕಿಲೋಗೆ ನಿಂತಿತು, ಅಂದರೆ ಶೇ. 65. ಹಾಪ್ ಪರೀಕ್ಷೆ ಬೇಡವೆಂದು ಅವರೂ ಅಲ್ಲಿಗೇ ನಿಲ್ಲಿಸಿದರು. ಮೈದಾನದಲ್ಲಿ ಅವಳ ಓಟ ನೋಡಿ ಎಲ್ಲ ಸರಿಯಾಗಿದೆ ಎಂದುಕೊಂಡಿದ್ದವನು ನಾನೇ. ಆ ಎರಡು ಅಂಕಿಗಳನ್ನು ನೋಡಿದಾಗ ನಿಜಕ್ಕೂ ಭಯವಾಯಿತು. ಶಸ್ತ್ರವೈದ್ಯರನ್ನೂ ಕಂಡೆವು, ಅವರು ಹೇಳಿದ್ದು ಅಭ್ಯಾಸದ ಆರಂಭದ ಮಾತಾಗಿತ್ತು. ಈ ಬಾರಿಯ ಪಂದ್ಯಾಟದಲ್ಲಿ ಆಕೆ ಆಡುವುದಿಲ್ಲ. ತಂಡದೊಂದಿಗೆ ಬಂದು ಅಂಕ ಬರೆಯುವ ಮೇಜಿನಲ್ಲಿ ಕೂರುತ್ತೇನೆ ಎಂದು ತಾನಾಗಿಯೇ ಹೇಳಿದ್ದಾಳೆ. ಎರಡು ವಾರಕ್ಕೊಮ್ಮೆ ಫಿಸಿಯೋಥೆರಪಿ, ವಾರಕ್ಕೆ ಮೂರು ದಿನ ಊರಿನ ಜಿಮ್‌ನಲ್ಲಿ ಭಾರದ ವ್ಯಾಯಾಮ ಎಂದು ಗೊತ್ತುಮಾಡಿದ್ದೇವೆ. ಬಸ್ಸಿನ ಖರ್ಚನ್ನು ಕಾಲೇಜಿನ ಹಳೆಯ ವಿದ್ಯಾರ್ಥಿಗಳು ವಹಿಸಿಕೊಂಡಿದ್ದಾರೆ.

ಇನ್ನೆರಡು ಪ್ರಶ್ನೆಗಳಿವೆ. ಪರೀಕ್ಷೆಗಳಲ್ಲಿ ತೇರ್ಗಡೆಯಾದ ಮೇಲೆ ಅಂಕಣಕ್ಕೆ ಯಾವ ಕ್ರಮದಲ್ಲಿ ಇಳಿಸಬೇಕು? ನಮ್ಮಲ್ಲಿ ಮಣ್ಣಿನ ಅಂಕಣವೂ ಮ್ಯಾಟೂ ಎರಡೂ ಇವೆ, ಮೊದಲು ಯಾವುದು?

ಉತ್ತರ: ಕ್ರೀಡಾ ಫಿಸಿಯೋಥೆರಪಿಸ್ಟ್, ಮಂಗಳೂರು

ಹಾಪ್ ಪರೀಕ್ಷೆಗೆ ಮೊದಲೇ ನಿಲ್ಲಿಸಿದ್ದು ಬಹಳ ಒಳ್ಳೆಯದಾಯಿತು. ಶೇ. 65ರಿಂದ 90ಕ್ಕೆ ಬರಲು ಮೂರು ತಿಂಗಳೋ ಅದಕ್ಕಿಂತ ಹೆಚ್ಚೋ ಹಿಡಿಯಬಹುದು, ಆಕೆ ಈಗಲೇ ಮನಸ್ಸನ್ನು ಸಿದ್ಧಪಡಿಸಿಕೊಳ್ಳಲಿ. ಆರು ವಾರಕ್ಕೊಮ್ಮೆ ಅದೇ ಯಂತ್ರದಲ್ಲಿ ಅಳೆಯಿರಿ, ಬೇರೆ ಯಂತ್ರವಾದರೆ ಅಂಕಿಗಳನ್ನು ಹೋಲಿಸಲಾಗದು.

ಅಂಕಣದ ಕ್ರಮ ಹೀಗಿರಲಿ. ಮೊದಲು ಎದುರಾಳಿಗಳೇ ಇಲ್ಲದ ಅಂಕಣದಲ್ಲಿ ಒಬ್ಬಳೇ ದಾಳಿ ಮಾಡಲಿ: ಅರ್ಧ ವೇಗ, ಬೋನಸ್ ಗೆರೆಯವರೆಗೆ ಹೋಗಿ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ತಿರುಗಿ ಬರುವುದು. ತಿರುಗುವಾಗ ಒಂದೇ ಪಾದ ಊರಿ ಗಿರಕಿ ಹೊಡೆಯುವ ಹಳೆಯ ರೂಢಿಯನ್ನು ಬಿಡಿಸುವ ಹಂತ ಇದು, ಆತುರಪಡಬೇಡಿ. ವೇಗ ಪೂರ್ತಿ ಬಂದ ಮೇಲೆ ಒಬ್ಬ ಡಿಫೆಂಡರ್ ನಿಲ್ಲಲಿ, ಆದರೆ ಹಿಡಿಯುವಂತಿಲ್ಲ; ಆ ಡಿಫೆಂಡರ್ ಯಾವ ಕಡೆಯಿಂದ ಬರುತ್ತಾಳೆಂದು ನಿಮ್ಮ ವಿದ್ಯಾರ್ಥಿನಿಗೆ ಮೊದಲೇ ತಿಳಿದಿರಲಿ. ಆನಂತರ ತಿಳಿಸದೆ ಬರಲಿ. ಅದು ಸುಲಲಿತವಾದ ಮೇಲೆ ಸೊಂಟ ಹಿಡಿಯುವ ಟ್ಯಾಕಲ್, ಕೊನೆಯಲ್ಲಿ ತೊಡೆ ಮತ್ತು ಪಾದದ ಹಿಡಿತ. ಪಾದವನ್ನು ಬೇರೊಬ್ಬರು ಬಿಗಿಹಿಡಿದಿರುವಾಗ ಮೈ ತಿರುಗುವುದೇ ನಮ್ಮ ಆಟದಲ್ಲಿ ಮೊಣಕಾಲಿಗೆ ಅತ್ಯಂತ ಕಠಿಣವಾದ ಸನ್ನಿವೇಶ, ಹಾಗಾಗಿ ಅದನ್ನು ಎಲ್ಲಕ್ಕಿಂತ ಕೊನೆಗೆ ಇಡಿ. ಪ್ರತಿ ಹಂತದಲ್ಲೂ ಹಾಸನದ ತಾಯಿಯವರು ಬರೆದಂತೆ ಮರುದಿನ ಬೆಳಗಿನ ಊತವನ್ನು ನೋಡಿಯೇ ಮುಂದಕ್ಕೆ ಹೋಗಿ. ಪೂರ್ಣ ಅಭ್ಯಾಸವನ್ನು ಕೆಲವು ವಾರ ತೊಂದರೆಯಿಲ್ಲದೆ ಮುಗಿಸಿದ ಮೇಲೆ ಪಂದ್ಯದಲ್ಲಿ ಮೊದಲು ನಾಲ್ಕೈದು ದಾಳಿಗಳಿಗಷ್ಟೇ ಇಳಿಸಿ.

ಮಣ್ಣೋ ಮ್ಯಾಟೋ ಎಂಬುದಕ್ಕೆ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ಮ್ಯಾಟಿನಲ್ಲಿ ಶೂ ನೆಲವನ್ನು ಬಲವಾಗಿ ಕಚ್ಚುತ್ತದೆ, ತಿರುಗುವ ಬಲವೆಲ್ಲ ಮೊಣಕಾಲಿಗೆ ಬರುತ್ತದೆ; ಆಕೆಗೆ ಗಾಯವಾದದ್ದೂ ಹಾಗೆಯೇ. ಹದವಾಗಿ ನೀರು ಹಾಕಿ ಸಮತಟ್ಟು ಮಾಡಿದ ಮಣ್ಣಿನಲ್ಲಿ ಪಾದ ತುಸು ಜಾರಿ ಸಡಿಲ ಕೊಡುತ್ತದೆ. ಆದ್ದರಿಂದ ನಾನಾದರೆ ತಿರುಗುವ ಅಭ್ಯಾಸವನ್ನು ಮಣ್ಣಿನಲ್ಲಿ ಆರಂಭಿಸಿ, ಮೊಣಕಾಲಿನ ಹತೋಟಿ ಬಂದ ಮೇಲೆ ಮ್ಯಾಟಿಗೆ ತರುತ್ತೇನೆ. ಮಳೆಗಾಲದಲ್ಲಿ ಮಣ್ಣು ಕೆಸರಾಗಿದ್ದರೆ ಅಥವಾ ಗುಂಡಿ ಬಿದ್ದಿದ್ದರೆ ಈ ಮಾತು ಅನ್ವಯಿಸುವುದಿಲ್ಲ.

ಇನ್ನೊಂದು ವಿಷಯ ಉಳಿದಿದೆ. ಕಾಲು ಸಿದ್ಧವಾದ ಮೇಲೂ ಬೋನಸ್ ಗೆರೆಯ ಬಳಿ ಆಕೆ ಹಿಂಜರಿಯಬಹುದು. ಹೆದರಿಕೆಯಿಂದ ಅರ್ಧಕ್ಕೇ ತಡೆದು ಇಡುವ ಹೆಜ್ಜೆಯೂ ಮೊಣಕಾಲಿಗೆ ಒಳ್ಳೆಯದಲ್ಲ. ಈ ಹೆದರಿಕೆಯನ್ನು ಅಳೆಯಲೆಂದೇ ಎಸಿಎಲ್-ಆರ್‌ಎಸ್‌ಐ ಎಂಬ ಹನ್ನೆರಡು ಪ್ರಶ್ನೆಗಳ ಪಟ್ಟಿಯೊಂದಿದೆ, ನಿಮ್ಮ ಫಿಸಿಯೋ ಬಳಿ ಕೇಳಿ. ಅಂಕ ಬರೆಯುವ ಮೇಜಿನಲ್ಲಿ ಕೂತಿರುವಾಗ ಮನಸ್ಸಿನಲ್ಲಿ ಏನೇನು ಹಾದುಹೋಯಿತು ಎಂದು ಪಂದ್ಯಾಟ ಮುಗಿದ ಸಂಜೆ ನೀವೂ ಆಕೆಯನ್ನು ಒಮ್ಮೆ ಕೇಳಿ ನೋಡಿ. ಮುಂದಿನ ಅಳತೆಯ ಅಂಕಿಗಳನ್ನು ಇಲ್ಲಿ ಬರೆಯಿರಿ, ನಾನು ಗಮನಿಸುತ್ತಿರುತ್ತೇನೆ.